‘ಬಂದೇರಿ’ ಎಂದು ಹೋದವರು

ಮೊದಲ ದಿನ ನಾನು ಗಿರಾಕಿಯಾಗಿ ಕುಳಿತೆ. ಖಾನಾವಳಿಯೊಂದರ ಕೆಲಸ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಗಲ್ಲಾದ ಹಿಂದೆ ನಿಲ್ಲಬಾರದು, ತಾಟಿನ ಮುಂದೆ ಕೂಡಬೇಕು. ಸೈನ್ಯದ ಮೆಸ್ಸಿನಲ್ಲಿ ಹವಾಲ್ದಾರನಾಗಿದ್ದಾಗ ಕಲಿತ ಪಾಠವಿದು. ಅಲ್ಲಿ ಗಂಟೆ ಬಾರಿಸಿತೆಂದರೆ ಊಟ ಬಂದಿತೆಂದೇ ಅರ್ಥ. ಇಲ್ಲಿ ತಾಟು ಬಂದಿತ್ತು, ತಾಟಿನೊಳಗೆ ಏನೂ ಬಂದಿರಲಿಲ್ಲ.

“ನೀರು ಕೊಡಪಾ” ಎಂದೆ.

“ಬಂದೇರಿ” ಎಂದು ಸಪ್ಲಾಯರ್ ಹೋದ.

ಇನ್ನೊಬ್ಬ ಪಕ್ಕದಲ್ಲಿ ಹಾದ. ಅವನನ್ನೂ ಕೇಳಿದೆ. ಅವನೂ “ಬಂದೇರಿ” ಎಂದ, ಅವನೂ ಹೋದ. ನನ್ನ ಎದುರಿಗೆ ಕುಳಿತಿದ್ದ ರೈತ ಇದನ್ನೆಲ್ಲ ನೋಡುತ್ತಿದ್ದ.

“ಹೊಸಬರೇನ್ರಿ ಇಲ್ಲಿಗೆ?”

“ಹೌದ್ರಿ.”

“ಹಂಗಾರ ಒಂದು ಮಾತು ಹೇಳ್ತೇನಿ ಕೇಳ್ರಿ. ಇಲ್ಲಿ ಹಸಿವಾಗೂಕಿಂತ ಮೊದಲ ಬರಬೇಕು. ಹಸದು ಬಂದ್ರ ಕೆಟ್ರಿ.”

ಊಟ ಕೊನೆಗೂ ಬಂತು. ರೊಟ್ಟಿ ಬಿಸಿಯಾಗಿತ್ತು, ಎಣಗಾಯಿ ಚೆನ್ನಾಗಿತ್ತು, ಕಟ್ಟಿನ ಸಾರು ಇನ್ನೂ ಚೆನ್ನಾಗಿತ್ತು. ಆದರೆ ರೊಟ್ಟಿ ಬಂದಾಗ ಪಲ್ಯ ಇರಲಿಲ್ಲ, ಪಲ್ಯ ಬರುವಷ್ಟರಲ್ಲಿ ರೊಟ್ಟಿ ಮುಗಿದಿತ್ತು. ಮಜ್ಜಿಗೆ ನಾನು ಕೈ ತೊಳೆದ ಮೇಲೆ ಬಂತು.

ಖಾನಾವಳಿ ನನ್ನ ಚಿಕ್ಕಪ್ಪನ ಮಗಳದು. ಯಜಮಾನರು ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಮೋಟೆಬೆನ್ನೂರು ದಾಟಿ ರಾಣೇಬೆನ್ನೂರಿನ ಕಡೆಗೆ ಹೊರಟರೆ ಹೆದ್ದಾರಿಯ ಎಡಕ್ಕೆ ಸಿಗುವ ಕಟ್ಟಡ. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ ಅದು. ದಿನವಿಡೀ ಧೂಳು, ಡಾಂಬರಿನ ವಾಸನೆ. ನಾನು ನಿವೃತ್ತನಾಗಿ ಹಾವೇರಿಯಲ್ಲಿದ್ದೆ. ‘ಒಂದಷ್ಟು ದಿನ ಬಂದು ನೋಡು’ ಎಂದು ಅವಳು ಹೇಳಿ ಕಳಿಸಿದ್ದಕ್ಕೆ ಹೋಗಿದ್ದೆ.

ಕೈ ಒರೆಸಿಕೊಂಡು ಗಲ್ಲಾದ ಹತ್ತಿರ ಹೋದೆ. “ಹೆಂಗ ಐತಿ ಅಣ್ಣಾ?” ಎಂದು ಕೇಳಿದಳು.

“ಊಟ ಛಲೋ ಐತಿ. ಬರೂದೊಂದು ಇಲ್ಲ.”

ಅವಳು ನಗಲಿಲ್ಲ. ಕುರ್ಚಿ ಎಳೆದುಕೊಟ್ಟು ವಿಷಯ ಹೇಳಿದಳು. ಬಾಗಲಕೋಟೆ ಕಡೆಯಿಂದ ದಾವಣಗೆರೆಗೆ ಹೋಗುವ ಬಸ್ಸುಗಳು ಮಧ್ಯಾಹ್ನದ ಊಟಕ್ಕೆ ಅಲ್ಲಿ ನಿಲ್ಲುತ್ತಿದ್ದವು. ಖಾನಾವಳಿ ನಡೆಯುತ್ತಿದ್ದದ್ದೇ ಆ ಬಸ್ಸುಗಳಿಂದ. ಆ ದಾರಿಯಲ್ಲಿ ಹಿರಿಯ ಚಾಲಕನೊಬ್ಬನಿದ್ದ. ಅವನು ಎಲ್ಲಿ ನಿಲ್ಲಿಸುತ್ತಾನೋ ಉಳಿದವರೂ ಅಲ್ಲಿಯೇ ನಿಲ್ಲಿಸುತ್ತಿದ್ದರು. ಆ ಚಾಲಕ ಹಿಂದಿನ ವಾರ ಅವಳಿಗೆ ಹೇಳಿ ಹೋಗಿದ್ದ: “ಪ್ಯಾಸೆಂಜರು ಡಿಪೋಕ್ಕ ಬರದು ಹಾಕ್ಯಾರ್ರಿ ಅಕ್ಕಾರ. ಊಟದ ಸಲವಾಗಿ ಬಸ್ ತಡಾ ಆಗ್ತೈತಿ ಅಂತ ಮೇಲಿನವರು ನನ್ನ ಕೇಳಾಕತ್ತಾರ. ಇನ್ನೊಂದಿಷ್ಟು ದಿನ ನೋಡ್ತೇನಿ. ಆಗಲಿಲ್ಲಂದ್ರ ರಾಣೇಬೆನ್ನೂರು ದಾಟಿ ನಿಂದರಸ್ತೇನಿ. ಸಿಟ್ಟಾಗಬ್ಯಾಡ್ರಿ.”

ಇದರ ಜೊತೆಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಕಟ್ಟಡವನ್ನು ದಾಸ್ತಾನಿಗೆ ಬಾಡಿಗೆ ಕೇಳಿದ್ದರು. ಸೀಜನ್ ಶುರುವಾಗುವ ಮೊದಲು ಉತ್ತರ ಬೇಕೆಂದಿದ್ದರು. ಬಸ್ಸು ನಿಂತರೆ ಖಾನಾವಳಿ ಇರುತ್ತದೆ, ಬಸ್ಸು ಹೋದರೆ ಮೆಣಸಿನಕಾಯಿ ಚೀಲಗಳು ಬರುತ್ತವೆ. ಇಷ್ಟೇ ವಿಷಯ.

“ಮೆಣಸಿನಕಾಯಿಗೆ ಯಾರೂ ಊಟಾ ನೀಡಬೇಕಾಗಿಲ್ಲ ನೋಡಣ್ಣಾ. ಸುಮ್ಮನ ಬಿದ್ದಿರ್ತಾವ” ಎಂದಳು.

ಮರುದಿನದಿಂದ ನಾನು ಹಾವೇರಿಯಿಂದ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಊಟ ಮುಗಿಯುವತನಕ ಇರತೊಡಗಿದೆ. ಮೊದಲು ಮಾಡಿದ ಕೆಲಸ ‘ಬಂದೆ’ ಎಂಬ ಮಾತನ್ನು ನಿಷೇಧಿಸಿದ್ದು.

ನಮ್ಮ ಭಾಷೆಯಲ್ಲಿ ಇದೊಂದು ಅನುಕೂಲ. ಬರಬೇಕಾದವನು ‘ಬಂದೆ’ ಎನ್ನುತ್ತಾನೆ, ತರಬೇಕಾದವನು ‘ತಂದೆ’ ಎನ್ನುತ್ತಾನೆ. ಕೆಲಸ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ. ಹೋಗುವವನು ಮಾತ್ರ ‘ಹೋದೆ’ ಎನ್ನುವುದಿಲ್ಲ, ‘ಬರ್ತೇನಿ’ ಎನ್ನುತ್ತಾನೆ. ಊಟ ಸಿಗದೆ ಸಿಟ್ಟಿನಿಂದ ಎದ್ದು ಹೋದ ಗಿರಾಕಿಗಳೂ ಗಲ್ಲಾದ ಮುಂದೆ “ಬರ್ತೇವ್ರಿ” ಎಂದೇ ಹೇಳಿ ಹೋಗುವುದನ್ನು ನಾನು ಕೇಳಿದ್ದೇನೆ. ಮನೆಯಲ್ಲಿ ಇದು ಒಳ್ಳೆಯ ಮಾತು. ಕೆಲಸದ ಜಾಗದಲ್ಲಿ ಇದರಿಂದ ಹಾನಿಯಿದೆ ಎಂದು ನನಗೆ ಅನ್ನಿಸಿತು. ‘ಬಂದೆ’ ಎಂದು ಹೇಳಿಬಿಟ್ಟವನ ಮನಸ್ಸಿನಲ್ಲಿ ಅವನು ಆಗಲೇ ಬಂದು ಹೋಗಿರುತ್ತಾನೆ. ಇನ್ನೊಮ್ಮೆ ಬರುವ ಕಾರಣ ಅವನಿಗೆ ಕಾಣುವುದಿಲ್ಲ.

ಸಪ್ಲಾಯರುಗಳನ್ನು ಸಾಲಾಗಿ ನಿಲ್ಲಿಸಿ ಹೇಳಿದೆ: “ಇವತ್ತಿನಿಂದ ಬಂದೆ, ತಂದೆ ಬಂದ್. ಎಷ್ಟೊತ್ತಾಗ್ತೈತಿ ಅಷ್ಟು ಖರೇ ಹೇಳ್ರಿ.”

ಅವರಲ್ಲಿ ಹಿರಿಯನಾದವನು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡ. ಆ ಖಾನಾವಳಿ ಶುರುವಾದಾಗಿನಿಂದ ಅಲ್ಲಿದ್ದವನು. “ಖರೇ ಹೇಳಿದ್ರ ಕುಂದರಂಗಿಲ್ರಿ ಯಾರೂ” ಎಂದ.

ಅವನ ಮಾತು ನಿಜವಾಯಿತು. ಮೂಲೆಯ ಮೇಜಿನ ಕುಟುಂಬವೊಂದು ಪಲ್ಯ ಕೇಳಿತು. ಸಪ್ಲಾಯರ್ ನನ್ನ ಕಡೆಗೊಮ್ಮೆ ನೋಡಿ, “ಹತ್ತು ನಿಮಿಷ ಆಗ್ತೈತ್ರಿ” ಎಂದ. “ಹತ್ತು ನಿಮಿಷಾ?” ಎಂದು ಅವರು ಎದ್ದೇಬಿಟ್ಟರು. ಇನ್ನೊಬ್ಬ ಸಪ್ಲಾಯರಿಗೆ ಎಷ್ಟು ಹೊತ್ತಾಗುತ್ತದೆ ಎಂದು ಗೊತ್ತಿರಲಿಲ್ಲ, ಸುಳ್ಳು ಹೇಳುವಂತಿರಲಿಲ್ಲ, ಆದ್ದರಿಂದ ಸುಮ್ಮನೆ ಹೋದ. ವಯಸ್ಸಾದ ಗಿರಾಕಿಯೊಬ್ಬರು ಅವನ ಬೆನ್ನಿಗೆ ಕೂಗಿದರು: “ಏನಪಾ, ಬರೂದಂತೂ ಇಲ್ಲ. ಬಂದೆ ಅನ್ನಾಕೂ ಬರಂಗಿಲ್ಲೇನು ನಿನಗ? ಬಾಯಾಗೇನು ಬೆಲ್ಲ ಇಟ್ಟಾರ?”

ಸಂಜೆ ನನ್ನ ತಂಗಿ ಹೇಳಿದಳು, “ಅಣ್ಣಾ, ಮೊದಲ ಸುಳ್ಳು ಹೇಳಿ ಕುಂದರಸ್ತಿದ್ವಿ. ಈಗ ಖರೇ ಹೇಳಿ ಏಳಸಾಕತ್ತೇವಿ.”

ನಿಷೇಧ ತೆಗೆದೆ. ಮಾತು ರೋಗವಲ್ಲ, ರೋಗದ ಲಕ್ಷಣ ಎಂಬುದು ಗೊತ್ತಾಯಿತು. ರೋಗ ಎಲ್ಲಿದೆ ಎಂದು ನೋಡಲು ಒಂದು ವಾರ ಏನನ್ನೂ ಬದಲಿಸದೆ, ಯಾರಿಗೂ ಏನನ್ನೂ ಹೇಳದೆ, ಬಸ್ಸು ನಿಲ್ಲುವ ಹೊತ್ತಿಗೆ ಊಟದ ಹಾಲಿನ ಮಧ್ಯೆ ಕಂಬಕ್ಕೆ ತಾಗಿ ನಿಂತುಕೊಂಡೆ.

ಅಲ್ಲಿಂದ ಕಂಡದ್ದು ಬೆನ್ನುಗಳು. ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಕಿಟಕಿ. ಬಸ್ಸು ಬಂದು ಜನ ಕುಳಿತ ಕೂಡಲೇ ಸಪ್ಲಾಯರುಗಳೆಲ್ಲ ಆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಗಿರಾಕಿಗಳು ಕೈ ಎತ್ತಿದರೆ ಕಾಣುವ ಕಣ್ಣು ಹಾಲಿನಲ್ಲಿ ಒಂದೂ ಇರುತ್ತಿರಲಿಲ್ಲ. ಕಾರಣ ರೊಟ್ಟಿ. ಜೋಳದ ಹಿಟ್ಟಿಗೆ ಎಸರಿನ ನೀರು ಹಾಕಿ ಆಗಿಂದಾಗ ನಾದಬೇಕು, ಮೊದಲೇ ನಾದಿಟ್ಟರೆ ಜಿಗಿ ಹೋಗಿ ಬಡಿಯುವಾಗ ಹರಿಯುತ್ತದೆ. ಅಡುಗೆಮನೆಯಲ್ಲಿ ಮೂವರು ಹೆಂಗಸರು ಮೂರು ಒಲೆಗಳ ಮುಂದೆ ಕುಳಿತು ಬಡಿಯುತ್ತಿದ್ದರು. ಅವರ ಕೈ ನಿಧಾನವಿರಲಿಲ್ಲ. ಒಂದು ರೊಟ್ಟಿ ಹಂಚಿನಿಂದ ಇಳಿದರೆ ಅದಕ್ಕೆ ನಾಲ್ಕು ಕೈ ಚಾಚುತ್ತಿದ್ದವು. ಪ್ರತಿಯೊಬ್ಬ ಸಪ್ಲಾಯರಿಗೂ ತನ್ನ ತನ್ನ ಮೇಜುಗಳಿದ್ದವು. ತನ್ನ ಮೇಜಿನವರಿಗೆ ರೊಟ್ಟಿ ಸಿಗಬೇಕಾದರೆ ಅವನು ಕಿಟಕಿ ಬಿಡುವಂತಿರಲಿಲ್ಲ. ರೊಟ್ಟಿಗಾಗಿ ಅವನು ಅಲ್ಲಿ ನಿಂತಷ್ಟು ಹೊತ್ತು ಅವನ ಮೇಜಿಗೆ ನೀರಿಲ್ಲ, ಪಲ್ಯವಿಲ್ಲ, ಸಾರಿಲ್ಲ.

ಹಾಗಾದರೆ ರೊಟ್ಟಿಯನ್ನು ಮೊದಲೇ ಮಾಡಿಡಬೇಕು ಎಂದುಕೊಂಡೆ. ಬಸ್ಸು ಬರುವ ಮೊದಲು ಬುಟ್ಟಿ ತುಂಬ ರೊಟ್ಟಿ ಮಾಡಿಸಿ, ಒದ್ದೆ ಬಟ್ಟೆ ಮುಚ್ಚಿ ಇಡಿಸಿದೆ. ಅವತ್ತು ಊಟ ಲಗೂ ಮುಗಿಯಿತು, ಏಕೆಂದರೆ ಜನ ಅರ್ಧಕ್ಕೇ ಎದ್ದರು. ಒಬ್ಬ ರೊಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ಅಲ್ಲಾಡಿಸಿದ.

“ಇದನ್ನ ಯಾವಾಗ ಮಾಡ್ಯಾರ್ರಿ? ಬಾಗಲಕೋಟಿಂದ ನಮ್ಮ ಜೋಡೀನ ಬಂದಂಗ ಕಾಣ್ತೈತಿ!”

ಹಾಲೆಲ್ಲ ನಕ್ಕಿತು. ಒಳಗೆ ರೊಟ್ಟಿ ಮಾಡುವ ಹೆಂಗಸರಿಗೆ ನಗೆ ಬರಲಿಲ್ಲ. ಅವರಲ್ಲಿ ಹಿರಿಯಳು ಕಿಟಕಿಗೆ ಬಂದು, “ಕಾಕಾ, ನಮ್ಮ ಕೈಗೆ ಕೆಟ್ಟ ಹೆಸರು ತರಬ್ಯಾಡ್ರಿ. ಬೇಕಾರ ನಿಮ್ಮ ಮಿಲಿಟರ್ಯಾಗಿನ ಬ್ರೆಡ್ ತರಸ್ರಿ” ಎಂದು ಹೇಳಿ ಹೋದಳು.

ಅವತ್ತು ಹಿರಿಯ ಚಾಲಕನ ಪಾಳಿ ಇತ್ತು. ಚಾಲಕರಿಗೆ ಹಾಲಿನ ಹಿಂದೆ ಒಂದು ಪ್ರತ್ಯೇಕ ಕೋಣೆ. ಊಟ ನಿಲ್ಲಿಸುವ ಕಡೆಯಲ್ಲೆಲ್ಲ ಇದು ರೂಢಿ. ಅಲ್ಲಿ ಅವರಿಗೆಂದೇ ಒಬ್ಬ ಸಪ್ಲಾಯರ್ ನಿಂತಿರುತ್ತಾನೆ. ಬೇಕಾದ್ದು ಬೇಕಾದಾಗ ಸಿಗುತ್ತದೆ. ಊಟ ಮುಗಿಸಿ ಬಂದ ಚಾಲಕ ಅರ್ಧ ಬಿಟ್ಟ ತಾಟುಗಳನ್ನು ನೋಡಿದ. “ನನಗಂತೂ ಏನೂ ಕಡಿಮಿಲ್ಲ ಬಿಡ್ರಿ ಸಾಹೇಬ್ರ. ಬರದು ಹಾಕವ್ರು ಇವರು” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಚಿಂತೆಯಾಗುತ್ತಿರಲಿಲ್ಲ.

ಆ ವಾರ ರಾಣೇಬೆನ್ನೂರಿನಲ್ಲಿ ನಮ್ಮ ಬಳಗದ ಒಂದು ಮದುವೆ. ಊಟಕ್ಕೆ ಪಂಕ್ತಿಯಲ್ಲಿ ಕುಳಿತೆ. ಜನ ಬಹಳ. ನೀಡುವವರು ಕೆಲವೇ ಮಂದಿ, ಅವರೂ ಹೊರಗಿನ ಕೆಲಸದವರಲ್ಲ, ಮನೆಯ ಹುಡುಗರು, ಸೋದರಮಾವಂದಿರು. ಎಲೆಯ ಮೇಲೆ ಉಪ್ಪು, ಹಿಂಡಿ ಚಟ್ನಿ, ಸೌತೆಕಾಯಿ ಮೊದಲೇ ಇದ್ದವು. ಒಬ್ಬ ಬುಟ್ಟಿ ಹಿಡಿದು “ರೊಟ್ಟಿ, ರೊಟ್ಟಿ” ಎನ್ನುತ್ತ ಸಾಲಿನುದ್ದಕ್ಕೆ ಬಂದ. ಅವನ ಬೆನ್ನಿಗೇ ಇನ್ನೊಬ್ಬ “ಪಲ್ಯ, ಪಲ್ಯ” ಎನ್ನುತ್ತ ಬಂದ. ಬೇಕಾದವರು ಕೈ ಸರಿಸಿದರು, ಬೇಡವಾದವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಊಟ ಮುಗಿಯುವತನಕ ಉಣ್ಣುವವರಲ್ಲಿ ಒಬ್ಬರೂ ಯಾರನ್ನೂ ಕೂಗಲಿಲ್ಲ. ಕೂಗುವ ಕೆಲಸ ನೀಡುವವರದಾಗಿತ್ತು.

ಈ ಊಟವನ್ನು ನಾನು ಹುಟ್ಟಿದಾಗಿನಿಂದ ಉಂಡಿದ್ದೆ. ಅದೊಂದು ಕೆಲಸದ ಪದ್ಧತಿ ಎಂದು ಅವತ್ತು ಮೊದಲ ಸಲ ನೋಡಿದೆ. ಪಂಕ್ತಿಯಲ್ಲಿ ಯಾರಿಗೂ ‘ತನ್ನ ಮೇಜು’ ಎಂಬುದಿಲ್ಲ. ಪ್ರತಿಯೊಬ್ಬನಿಗೂ ಒಂದು ಪದಾರ್ಥ, ಸಾಲು ಪೂರ್ತಿ ಅವನದು.

ಮರುದಿನ ಸಪ್ಲಾಯರುಗಳಿಗೆ ಹೇಳಿದೆ. ಬಸ್ಸು ನಿಂತಾಗ ಮಾತ್ರ ಪಂಕ್ತಿ, ಉಳಿದ ಹೊತ್ತು ಎಂದಿನಂತೆ. ಹಿರಿಯ ಸಪ್ಲಾಯರ್ ಒಪ್ಪಲಿಲ್ಲ.

“ಲಗ್ನದಾಗ ಪುಕ್ಕಟೆ ಉಣ್ತಾರ್ರಿ, ಕೊಟ್ಟದ್ದು ತಗೊಂಡು ಸುಮ್ಮನ ಇರ್ತಾರ. ಇಲ್ಲಿ ರೊಕ್ಕಾ ಕೊಡ್ತಾರ. ರೊಕ್ಕಾ ಕೊಟ್ಟಾಂವ ‘ಏ, ಬಾ ಇಲ್ಲಿ’ ಅನ್ನಾಂವನ.”

“ಅನ್ನಲಿ. ಅನ್ನೂದ್ರೊಳಗ ನೀ ಮುಂದ ನಿಂತಿರಬೇಕು.”

“ನನ್ನ ಗಿರಾಕಿ ಅದಾರ್ರಿ. ನಾನ ನೀಡಬೇಕು ಅವರಿಗೆ.”

“ಬಸ್ಸಿನವರು ನಿನ್ನ ಗಿರಾಕಿ ಅಲ್ಲ. ಅವರು ಇವತ್ತ ಬಂದ್ರ ಮುಂದಿನ ವರ್ಷ ಬರ್ತಾರ.”

ಅವನು ರೊಟ್ಟಿ ಬುಟ್ಟಿಯ ಕಡೆ ನೋಡಿದ. “ಬುಟ್ಟಿ ನನ್ನ ಕೈಯಾಗ ಕೊಡ್ರಿ ಹಂಗಾರ. ರೊಟ್ಟಿ ಬುಟ್ಟಿ ಹಿಡದಾಂವಗ ಕಿಮ್ಮತ್ತಿರ್ತೈತಿ” ಎಂದ. ಕೊಟ್ಟೆ.

ಮೇಜುಗಳನ್ನು ಜೋಡಿಸಿ ಎರಡು ಉದ್ದನೆಯ ಸಾಲು ಮಾಡಿದೆವು. ನಡುವೆ ಇಬ್ಬರು ಎದುರಾದರೂ ತಾಗದಷ್ಟು ಹಾದಿ. ಬಸ್ಸು ಬರುವ ಮೊದಲೇ ತಾಟು, ನೀರಿನ ಲೋಟ, ಉಪ್ಪು, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಅರ್ಧ ಕಡಕ್ ರೊಟ್ಟಿ. ಕುಳಿತ ಕೂಡಲೇ ಬಾಯಿಗೆ ಕೆಲಸ ಸಿಗಬೇಕು. ಖಾಲಿ ತಾಟಿನ ಮುಂದೆ ಕುಳಿತವನಿಗೆ ಒಂದು ಗಳಿಗೆ ನಾಲ್ಕು ಗಳಿಗೆಯಾಗುತ್ತದೆ. ಕಿಟಕಿಯ ಹತ್ತಿರ ಯಾರೂ ನಿಲ್ಲುವಂತಿಲ್ಲ. ರೊಟ್ಟಿಯನ್ನು ಒಳಗಿನಿಂದಲೇ ಬುಟ್ಟಿಗೆ ಹಾಕಿಕೊಡಬೇಕು. ಬುಟ್ಟಿ ಹಿಡಿದವನು ಒಂದೆಡೆ ಹೆಚ್ಚು ನಿಲ್ಲದೆ ಸಾಲು ಮುಗಿಸಬೇಕು. ಅವನ ಹಿಂದೆ ಎಣಗಾಯಿ, ಅದರ ಹಿಂದೆ ಕಾಳಿನ ಪಲ್ಯ, ಆಮೇಲೆ ಅನ್ನ, ಸಾರು, ಮಜ್ಜಿಗೆ. ಒಂದು ಕೈ ಕಡಿಮೆ ಬಿತ್ತು. ಹಿಂದಿನ ಕೋಣೆಯಲ್ಲಿ ನಿಲ್ಲುತ್ತಿದ್ದ ಸಪ್ಲಾಯರನ್ನು ಕರೆದು ಸಾರಿಗೆ ಹಾಕಿದೆ.

ತಾಲೀಮು ಮಾಡದೆ ನಾನು ಯಾವ ಕೆಲಸವನ್ನೂ ಶುರುಮಾಡಿದವನಲ್ಲ. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ರೊಟ್ಟಿ ಮಾಡುವ ಹೆಂಗಸರನ್ನೂ ಪಾತ್ರೆ ತೊಳೆಯುವವರನ್ನೂ ಸಾಲಿನಲ್ಲಿ ಕೂಡಿಸಿ ಸಪ್ಲಾಯರುಗಳಿಂದ ನೀಡಿಸಿದೆ. ಅವರು ಎಂದೂ ಆ ಹಾಲಿನಲ್ಲಿ ಕುಳಿತು ಉಂಡವರಲ್ಲ. ಸೆರಗು ಸರಿಮಾಡಿಕೊಂಡು ಕುಳಿತರು.

“ಯಕ್ಕಾ, ಇವತ್ತ ನಾವ ಬೀಗರು” ಎಂದು ಒಬ್ಬಳು ನಕ್ಕಳು.

“ಬೀಗರಾದ ಮ್ಯಾಲೆ ಕೊಂಕು ತಗೀಬೇಕಲ್ಲಬೇ” ಎಂದಳು ಹಿರಿಯಳು. ಬುಟ್ಟಿ ಹಿಡಿದು ಬಂದ ಹಿರಿಯ ಸಪ್ಲಾಯರನ್ನು ತಡೆದು, “ಏ, ರೊಟ್ಟಿ ಸಾಕು. ಪಲ್ಯ ಎಲ್ಲಿ ಐತೋ? ನಮ್ಮ ಮನಿ ಮಂದಿಗೆ ಹಿಂಗ ಮಾಡ್ತೀರೇನು?”

“ಹಿಂದ ಬರಾಕತ್ತೈತ್ರಿ ಬೀಗತಿ” ಎಂದು ಅವನು ನಡೆದೇಬಿಟ್ಟ. ಅವನ ಹಿಂದೆಯೇ ಎಣಗಾಯಿ ಬಂತು.

ಆ ಮಾತು ನನಗೆ ಹಿಡಿಸಿತು. ‘ಬಂದೆ’ ಎಂಬುದು ವಾಗ್ದಾನ. ‘ಹಿಂದ ಬರಾಕತ್ತೈತಿ’ ಎಂಬುದು ಸುದ್ದಿ, ಗಿರಾಕಿ ಕತ್ತು ಹೊರಳಿಸಿದರೆ ನಿಜವೋ ಸುಳ್ಳೋ ಕಾಣುತ್ತದೆ. ಎಲ್ಲರೂ ಅದನ್ನೇ ಹೇಳಬೇಕೆಂದು ತಾಕೀತು ಮಾಡಿದೆ.

ಪಂಕ್ತಿಯ ಮೊದಲ ದಿನಕ್ಕೆ ಹಿರಿಯ ಚಾಲಕನ ಪಾಳಿಯನ್ನೇ ಆರಿಸಿಕೊಂಡೆ. ಅವನ ಪಾಳಿ ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು. ತಿರುವಿನಲ್ಲಿ ಹಾರ್ನ್ ಕೇಳಿತು. ತಂಗಿ ಗಲ್ಲಾದಿಂದ ಎದ್ದು ನಿಂತಳು. ಜನ ಇಳಿದು ಕೈಕಾಲು ತೊಳೆದು ಒಳಗೆ ಬಂದರು, ಜೋಡಿಸಿಟ್ಟ ತಾಟುಗಳನ್ನು ಕಂಡು ಒಂದು ಕ್ಷಣ ಅನುಮಾನಿಸಿದರು.

“ಯಾರದರ ಲಗ್ನ ಐತೇನ್ರಿ?” ಎಂದು ಒಬ್ಬ ಕೇಳಿದ.

“ಕುಂದರ್ರಿ, ಕುಂದರ್ರಿ. ಅಕ್ಕಿಕಾಳು ಹಾಕೂದಿಲ್ಲ, ಬರೇ ಊಟ” ಎಂದ ಹಿರಿಯ ಸಪ್ಲಾಯರ್. “ರೊಟ್ಟೀ, ರೊಟ್ಟೀ” ಎಂದು ಹೊರಟ.

ಮೊದಲ ಸುತ್ತು ತೊಡಕಾಯಿತು. ಎಣಗಾಯಿಯವನು ರೊಟ್ಟಿಯವನನ್ನು ದಾಟಿ ಮುಂದೆ ಹೋದ. ಇಬ್ಬರು ಅವಸರದ ಗಿರಾಕಿಗಳು ಅಭ್ಯಾಸಬಲದಿಂದ “ಏ ಅಣ್ಣಾ” ಎಂದು ಕೂಗಿ, ಕೂಗಿದ ಕೂಡಲೇ ಪಲ್ಯ ಎದುರಿಗೆ ಬಂದದ್ದರಿಂದ ಮುಂದೆ ಏನು ಹೇಳಬೇಕೆಂದು ತಿಳಿಯದೆ ಸುಮ್ಮನಾದರು. ಎರಡನೆಯ ಸುತ್ತಿಗೆ ಕೈ ಕೂಡಿಬಂತು. ಅಡುಗೆಮನೆಯ ಕಿಟಕಿಯ ಮುಂದೆ ಒಂದು ಬೆನ್ನೂ ಇರಲಿಲ್ಲ. ಅನ್ನ ಹೋಯಿತು, ಸಾರು ಹೋಯಿತು, ಮಜ್ಜಿಗೆ ಹೋಯಿತು. ಜನ ಎಂದಿನ ಅರ್ಧ ಹೊತ್ತಿಗೆಲ್ಲ ಕೈ ತೊಳೆದು, ಎಲೆ ಅಡಿಕೆ ಕೊಂಡು, ಬಸ್ಸು ಹತ್ತತೊಡಗಿದರು. ತಂಗಿಯ ಮುಖ ನೋಡಿದೆ. ಬಹಳ ದಿನಗಳ ಮೇಲೆ ಅಲ್ಲಿ ಬೇರೆ ಬಣ್ಣವಿತ್ತು.

ಹಾಲು ಖಾಲಿಯಾಯಿತು. ಬಸ್ಸು ತುಂಬಿತು. ಹೊರಡಲಿಲ್ಲ.

ಕಂಡಕ್ಟರ್ ಮನೆಯಿಂದ ಬುತ್ತಿ ತಂದು ಬಸ್ಸಿನಲ್ಲೇ ಉಣ್ಣುವ ಮನುಷ್ಯ. ಅವನು ಸೀಟುಗಳನ್ನು ಎಣಿಸಿದ, ಕಾದ, ಕೊನೆಗೆ ಜನರ ಒತ್ತಾಯ ತಾಳದೆ ಚಾಲಕನ ಕಿಟಕಿಯಿಂದ ಕೈ ಹಾಕಿ ಹಾರ್ನ್ ಒತ್ತಿದ. ಮತ್ತೆ ಒತ್ತಿದ.

ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಹಿರಿಯ ಚಾಲಕ ತಾಟು ಹಿಡಿದುಕೊಂಡು ಹೊರಗೆ ಬಂದ. ತಾಟಿನಲ್ಲಿ ಹಿಂಡಿ ಇತ್ತು, ಉಳ್ಳಾಗಡ್ಡಿ ಇತ್ತು, ಅರ್ಧ ಕಡಕ್ ರೊಟ್ಟಿಯ ಚೂರುಗಳಿದ್ದವು. ಬೇರೆ ಏನೂ ಇರಲಿಲ್ಲ.

ನನಗೆ ತಕ್ಷಣ ತಿಳಿಯಿತು. ಪ್ರತಿಯೊಬ್ಬನಿಗೂ ಒಂದು ಪದಾರ್ಥ ಹಂಚಿದ್ದೆ. ಕೋಣೆಯನ್ನು ಯಾರಿಗೂ ಹಂಚಿರಲಿಲ್ಲ.

“ಸಾಹೇಬ್ರ” ಎಂದ ಚಾಲಕ, ದನಿ ಏರಿಸದೆ. “ಬಾಗಿಲದಾಗ ನಿಮ್ಮಾಂವ ಹಾದು ಹೋದ. ಪಲ್ಯ ಎಲ್ಲಿ ಐತೋ ಅಂದ್ನಿ. ಹಿಂದ ಬರಾಕತ್ತೈತ್ರಿ ಅಂದ. ತಿರುಗಿ ನೋಡಿದ್ನಿ. ನನ್ನ ಹಿಂದ ಗ್ವಾಡಿ ಐತ್ರಿ.”

ಹೊರಗೆ ಹಾರ್ನ್ ಮತ್ತೆ ಕೂಗಿತು. ಚಾಲಕ ಬಾಗಿಲ ಕಡೆಗೆ ತಿರುಗಿ, “ಏ, ಸಾಕು ಮಾಡೋ! ಬಸ್ ಹೊಡೆಯಾಂವ ಇನ್ನೂ ಉಂಡಿಲ್ಲ” ಎಂದು ಕೂಗಿದ. ಆಮೇಲೆ ಖಾಲಿ ಸಾಲಿನ ಒಂದು ಕುರ್ಚಿಯಲ್ಲಿ ಕುಳಿತ. ರೊಟ್ಟಿ ನಾನೇ ತಂದೆ, ಪಲ್ಯ ಹಿರಿಯ ಸಪ್ಲಾಯರ್ ತಂದ. ಚಾಲಕ ಅವಸರ ಮಾಡದೆ ಉಂಡ. ಬಸ್ಸು ಎಂದಿಗಿಂತ ತಡವಾಗಿ ಹೊರಟಿತು.

ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಅಣ್ಣಾ, ಬರ್ತೇನಿ ಅನ್ನಲಿಲ್ಲ ನೋಡು ಆಂವ” ಎಂದಳು.

ಮರುದಿನ ಬೇರೆ ಚಾಲಕನ ಬಸ್ಸೊಂದು ನಿಲ್ಲದೆ ಹೋಯಿತು. ಬ್ಯಾಡಗಿಯ ವ್ಯಾಪಾರಿ ಫೋನ್ ಮಾಡಿ, ನಾಳೆ ಮಧ್ಯಾಹ್ನದೊಳಗೆ ಒಂದು ಮಾತು ಹೇಳಿಬಿಡ್ರಿ ಎಂದರು.

ಮುಂದೆ ಎರಡು ದಾರಿ ಇದ್ದವು. ಸಾರಿನವನನ್ನು ತಿರುಗಿ ಕೋಣೆಗೆ ಹಾಕಬಹುದು, ಆಗ ಸಾಲಿನಲ್ಲಿ ಸಾರು ತಡವಾಗುತ್ತದೆ, ಬರೆದು ಹಾಕುವವರು ಮತ್ತೆ ಬರೆದು ಹಾಕುತ್ತಾರೆ. ಅಥವಾ ಕೋಣೆಯನ್ನೇ ತೆಗೆದುಹಾಕಬಹುದು. ನಾನು ಎರಡನೆಯದನ್ನು ಹೇಳಿದೆ. ತಂಗಿ ಬೆಚ್ಚಿದಳು.

“ಡ್ರೈವರನ್ನ ಮಂದ್ಯಾಗ ಕುಂದರಿಸಿದ್ರ ಮರ್ಯಾದಿ ಹೋತು ಅಂತಾನಣ್ಣಾ. ಇದ್ದದ್ದೂ ಹೋಗ್ತೈತಿ.”

“ಪಂಕ್ತ್ಯಾಗ ಮೊದಲನೇ ಜಾಗಾ ಯಾರಿಗೆ ಬಿಡ್ತಾರ?”

ಉತ್ತರ ಅವಳಿಗೂ ಗೊತ್ತಿತ್ತು. ಮೊದಲ ಜಾಗ ಸ್ವಾಮಿಗಳಿಗೆ, ಇಲ್ಲವೆ ಬೀಗರಿಗೆ. ಯಾವ ಪದಾರ್ಥ ಬಂದರೂ ಅಲ್ಲಿಂದಲೇ ಶುರು. ಗೌರವವೂ ಅದೇ, ಬಿಸಿ ರೊಟ್ಟಿಯೂ ಅಲ್ಲೇ.

“ಆಂವ ಕುಂದರಲಿಲ್ಲಂದ್ರ?” ಎಂದಳು.

“ಮೆಣಸಿನಕಾಯಿಯವರಿಗೆ ಹೂಂ ಅಂತ ಹೇಳು.”

ಸಂಜೆಯೇ ಕೋಣೆಯಲ್ಲಿ ಜೋಳದ ಚೀಲ ಒಟ್ಟಿಸಿದೆ. ಅರ್ಧ ಮನಸ್ಸಿನಿಂದ ಕೋಣೆಯನ್ನು ಖಾಲಿ ಬಿಟ್ಟಿದ್ದರೆ ಅವನು ಅಭ್ಯಾಸದಿಂದ ಅಲ್ಲಿಗೇ ಹೋಗುತ್ತಿದ್ದ, ನಾವೂ ಅಭ್ಯಾಸದಿಂದ ಬಿಡುತ್ತಿದ್ದೆವು.

ಮರುದಿನ ಬಸ್ಸು ತಿರುವಿನಲ್ಲಿ ಕಂಡಿತು. ಹಾರ್ನ್ ಹಾಕಲಿಲ್ಲ. ಹಿರಿಯ ಸಪ್ಲಾಯರ್ ಬುಟ್ಟಿ ಎತ್ತಿಕೊಳ್ಳದೆ ನಿಂತ. ಬಸ್ಸು ವೇಗ ತಗ್ಗಿಸಿ, ರಸ್ತೆಯ ಕೆಲಸದವರ ಕಲ್ಲಿನ ರಾಶಿ ಸುತ್ತಿ, ಬಂದು ನಿಂತಿತು.

ಜನರೆಲ್ಲ ಕುಳಿತ ಮೇಲೆ ಚಾಲಕ ಒಳಗೆ ಬಂದ. ನನ್ನ ಕಡೆ ನೋಡದೆ ನೇರವಾಗಿ ಹಿಂದಿನ ಕೋಣೆಗೆ ಹೋಗಿ ಬಾಗಿಲು ನೂಕಿದ. ಅಲ್ಲಿಯೇ ನಿಂತ.

“ಇದೇನ್ರಿ, ನನ್ನ ಜಾಗಾದಾಗ ಜ್ವಾಳ ಕುಂತೈತಿ?”

“ನಿಮ್ಮ ತಾಟು ಅಲ್ಲಿ ಐತ್ರಿ” ಎಂದು ಸಾಲಿನ ಮೊದಲ ಜಾಗ ತೋರಿಸಿದೆ. “ನೀವು ಕುಂದರೂತನಾ ಯಾರಿಗೂ ನೀಡಂಗಿಲ್ಲ.”

ಅವನು ಆ ಜಾಗವನ್ನು ನೋಡಿದ. ಸಾಲಿನಲ್ಲಿ ಕುಳಿತವರೆಲ್ಲ ಅವನನ್ನು ನೋಡುತ್ತಿದ್ದರು. ಹಸಿದ ಜನ. ಹಿರಿಯ ಸಪ್ಲಾಯರ್ ಬುಟ್ಟಿ ಹಿಡಿದು ಸಾಲಿನ ತುದಿಯಲ್ಲಿ ಕಾಯುತ್ತಿದ್ದ. ಆ ಹೊತ್ತಿಗೆ ಗಲ್ಲಾದ ಮೇಲಿನ ಫೋನ್ ರಿಂಗಣಿಸತೊಡಗಿತು. ತಂಗಿ ಎತ್ತಲಿಲ್ಲ.

ಚಾಲಕ ಹೆಗಲ ಮೇಲಿನ ಟವೆಲ್ ತೆಗೆದ. ಸಾರು ಸಿಡಿಯದಂತೆ ಅದನ್ನು ಖಾಕಿ ಅಂಗಿಯ ಮೇಲೆ ಎದೆ ತುಂಬ ಹೊದ್ದುಕೊಂಡು ಕುಳಿತ. ಮೊದಲ ರೊ‌ಟ್ಟಿ ಅವನ ತಾಟಿಗೆ ಬಿತ್ತು. ಮುರಿದ. ಆವಿ ಎದ್ದಿತು.

ಗಲ್ಲಾದಿಂದ ತಂಗಿಯ ದನಿ ಕೇಳಿತು: “ಇಲ್ರೀ ಸಾವ್ಕಾರ್ರ, ಜಾಗಾ ಖಾಲಿ ಆಗಂಗಿಲ್ಲ. ಬ್ಯಾರೆ ಕಡೆ ನೋಡ್ಕೋರ್ರಿ… ಹೂಂನ್ರಿ. ಊಟಕ್ಕ ಬರ್ರಿ ಒಮ್ಮಿ.”

ಚಾಲಕನ ಪಕ್ಕದಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಬಾಗಲಕೋಟೆಯಿಂದ ಬರುತ್ತಿದ್ದವಳು, ಕಣ್ಣು ಮಂದ. ತನ್ನ ಊಟ ಮುಗಿಸಿ, ಇವನು ಎರಡನೆಯ ರೊಟ್ಟಿಗೆ ಕೈ ಚಾಚಿದ್ದನ್ನು ಕಂಡು, ಮೊಣಕೈಯಿಂದ ತಿವಿದು ಎಚ್ಚರಿಸಿದಳು.

“ಲಗೂ ಲಗೂ ಉಣ್ಣೋ ತಮ್ಮಾ. ಬಸ್ ಬಿಟ್ಟು ಹೋದೀತು. ಈ ಡ್ರೈವರು ಭಾಳ ಬಿರಸ ಅದಾನಂತ, ಯಾರಿಗೂ ಕಾಯಂಗಿಲ್ಲ.”

“ನಾ ಏಳೂತನಾ ಹೋಗಂಗಿಲ್ಲ ತಗೋಬೇ” ಎಂದ ಅವನು. “ನೀ ಸಾವಕಾಶ ಮಜ್ಜಿಗಿ ಕುಡಿ.”